ಹಸಿರು ದೀಪ ಎರಡೇ ಹೊತ್ತಿದಾಗ: ಪ್ರಯಾಣಿಕ ವಿಮಾನದ ಲ್ಯಾಂಡಿಂಗ್ ಗೇರ್ ಕೈಕೊಟ್ಟರೆ ಮಾಡಬೇಕಾದ್ದು, ಹಂತ ಹಂತವಾಗಿ

ರನ್‌ವೇ ಇನ್ನು ಆರೇಳು ಮೈಲಿ ದೂರ. ಚಕ್ರ ಇಳಿಸುವ ಗೇರ್ ಲಿವರ್ ಕೆಳಗೆ ತಳ್ಳಿ ಅರ್ಧ ನಿಮಿಷ ಆಯಿತು. ಪ್ಯಾನೆಲ್ಲಿನಲ್ಲಿ ಎರಡು ಹಸಿರು, ಒಂದು ಕೆಂಪು: ಮೂರು ಗೇರುಗಳಲ್ಲಿ ಎರಡು ಇಳಿದು ಬೀಗ ಬಿದ್ದಿವೆ, ಒಂದಕ್ಕೆ ಬಿದ್ದಿಲ್ಲ ಎಂದು ಅದರ ಅರ್ಥ. ಈ ಕ್ಷಣದಲ್ಲಿ ಗೇರಿಗೆ ಮಾಡಬೇಕಾದ್ದು ಏನೂ ಇಲ್ಲ. ಮಾಡಬೇಕಾದ್ದೆಲ್ಲ ವಿಮಾನಕ್ಕೆ.

ಎಂಜಿನ್ನಿಗೆ ಬೆಂಕಿ ಬಿದ್ದರೆ, ಕ್ಯಾಬಿನ್ನಿನಲ್ಲಿ ಹೊಗೆ ತುಂಬಿದರೆ ಪೈಲಟ್ ಕೈಯಲ್ಲಿರುವುದು ನಿಮಿಷಗಳು. ಗೇರ್ ದೋಷ ಹಾಗಲ್ಲ, ಅದು ಸಮಯ ಕೊಡುತ್ತದೆ. ಟ್ಯಾಂಕಿನಲ್ಲಿ ಇಂಧನ ಇರುವಷ್ಟು ಹೊತ್ತು ಅದು ನಿಮ್ಮದೇ ಸಮಯ. ಈ ಬಗೆಯ ಘಟನೆಗಳ ಚರಿತ್ರೆ ನೋಡಿದರೆ, ಚಕ್ರ ಬರದೆ ಹೊಟ್ಟೆಯ ಮೇಲೆ ಇಳಿದವರು ಬಹುಪಾಲು ನಡೆದುಕೊಂಡೇ ಹೊರಬಂದಿದ್ದಾರೆ. ಚಕ್ರದ ಚಿಂತೆಯಲ್ಲಿ ಎತ್ತರವನ್ನೋ ಇಂಧನವನ್ನೋ ಮರೆತವರು ಬಂದಿಲ್ಲ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಗೇರಿನಷ್ಟೇ ಗಡಿಯಾರಕ್ಕೂ ಜಾಗ ಕೊಟ್ಟಿದೆ.

ನಮ್ಮ ದೇಶದಲ್ಲಿ ಹೆಚ್ಚು ಓಡಾಡುವ ಏರ್‌ಬಸ್ ಎ320 ಮತ್ತು ಬೋಯಿಂಗ್ 737 ಎರಡನ್ನೂ ಉದಾಹರಣೆಗೆ ಇಟ್ಟುಕೊಂಡಿದೆ. ಪೈಲಟ್ ತರಬೇತಿಯಲ್ಲಿರುವವರು, ಕ್ಯಾಬಿನ್ ಸಿಬ್ಬಂದಿ, ವಿಮಾನ ನಿರ್ವಹಣೆ ಓದುತ್ತಿರುವವರು, ಸಿಮ್ಯುಲೇಟರ್ ಹುಚ್ಚಿನವರು ಓದಲಿ ಎಂದು ಬರೆದದ್ದು. ಕಾಕ್‌ಪಿಟ್‌ನಲ್ಲಿ ಕೊನೆಯ ಮಾತು ಯಾವಾಗಲೂ ಆ ವಿಮಾನದ ಕ್ಯೂಆರ್‌ಎಚ್‌ನದ್ದು, ಅಂದರೆ ಕೈಗೆ ಸಿಗುವಂತೆ ಇಟ್ಟ ತುರ್ತು ಕೈಪಿಡಿಯದ್ದು. ಅದರ ಸಾಲುಗಳ ಹಿಂದಿನ ಕಾರಣ ಗೊತ್ತಿದ್ದರೆ ಆ ಸಾಲುಗಳನ್ನು ತಡವರಿಸದೆ ಪಾಲಿಸಬಹುದು.

ಚಕ್ರ ಇಳಿಯುವುದು ಹೇಗೆ, ಸಿಕ್ಕಿಕೊಳ್ಳುವುದು ಎಲ್ಲಿ

ಎ320ರಲ್ಲಿ ಲಿವರಿಗೂ ಗೇರಿಗೂ ನಡುವೆ ಎಳೆಯುವ ತಂತಿ ಇಲ್ಲ, ಕಂಪ್ಯೂಟರ್ ಇದೆ. ಎಲ್‌ಜಿಸಿಐಯು ಎಂಬ ಎರಡು ಕಂಪ್ಯೂಟರ್ ಪೆಟ್ಟಿಗೆಗಳಲ್ಲಿ ಒಂದು ಕೆಲಸ ಮಾಡುತ್ತದೆ, ಇನ್ನೊಂದು ಕಾದಿರುತ್ತದೆ. ಗೇರ್ ಒಂದು ಸಲ ಇಳಿದು ಹತ್ತಿದ ಮೇಲೆ ಪಾಳಿ ಬದಲು. ಲಿವರ್ ಕೆಳಗೆ ಬಂದೊಡನೆ ಗ್ರೀನ್ ಎಂಬ ಹೈಡ್ರಾಲಿಕ್ (ಎಣ್ಣೆಯ ಒತ್ತಡದ) ವ್ಯವಸ್ಥೆಯ 3000 ಪಿಎಸ್‌ಐ ಒತ್ತಡ ಮೊದಲು ಬಾಗಿಲುಗಳನ್ನು ತೆರೆಯುತ್ತದೆ. ಬಾಗಿಲು ಪೂರ್ತಿ ತೆರೆಯಿತೆಂದು ಸೆನ್ಸರ್ ಹೇಳಿದ ಮೇಲೆ ಗೇರನ್ನು ಮೇಲೆ ಹಿಡಿದಿದ್ದ ಕೊಕ್ಕೆ ಬಿಡುತ್ತದೆ. ಗೇರ್ ಇಳಿದು, ಅಡ್ಡ ತೋಳು ನೇರವಾಗಿ, ಬೀಗದ ಕೀಲು ಕೂರುತ್ತದೆ. ಆಮೇಲೆ ಬಾಗಿಲು ಮುಚ್ಚುತ್ತದೆ. ಇಷ್ಟರಲ್ಲಿ ಯಾವ ಕೊಂಡಿ ತಪ್ಪಿದರೂ ಮುಂದಿನದು ಶುರುವಾಗುವುದಿಲ್ಲ.

ಬೀಗವೆಂದರೆ ಕೀಲಿ ತಿರುಗಿಸುವ ಬೀಗ ಅಲ್ಲ. ನಿಂತಾಗ ಮೊಣಕಾಲನ್ನು ಪೂರ್ತಿ ನೆಟ್ಟಗೆ ಮಾಡಿ ಒಂಚೂರು ಹಿಂದಕ್ಕೆ ಒತ್ತಿದರೆ ಎಷ್ಟು ಭಾರ ಬಿದ್ದರೂ ಕಾಲು ಮಡಚುವುದಿಲ್ಲವಲ್ಲ, ಅದೇ ಉಪಾಯ. ನೆಟ್ಟಗಾಗಲು ಎರಡು ಡಿಗ್ರಿ ಬಾಕಿ ಇದ್ದರೂ ಭಾರ ಬಿದ್ದ ತಕ್ಷಣ ಮಡಚುತ್ತದೆ. ಹೊರಗಿನಿಂದ ನೋಡುವವರಿಗೆ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಟವರಿನ ಪ್ರಸಂಗ ಬಂದಾಗ ಬೇಕಾಗುತ್ತದೆ.

737ರಲ್ಲಿ ಮೇನ್ ಗೇರಿನ, ಅಂದರೆ ರೆಕ್ಕೆಗಳ ಬುಡದ ಎರಡು ಮುಖ್ಯ ಗೇರುಗಳ, ಚಕ್ರಗಳಿಗೆ ಪೂರ್ತಿ ಮುಚ್ಚುವ ಬಾಗಿಲೇ ಇಲ್ಲ, ಹಾರುತ್ತಿರುವಾಗ ಕೆಳಗಿನಿಂದ ನೋಡಿದರೆ ಟಯರಿನ ಪಕ್ಕೆ ಕಾಣುತ್ತದೆ. ಸಿಕ್ಕಿಕೊಳ್ಳುವ ಜಾಗಗಳು ಅಷ್ಟರಮಟ್ಟಿಗೆ ಕಡಿಮೆ. ಅಲ್ಲಿ ಗೇರಿಗೆ ಒತ್ತಡ ಕೊಡುವುದು ‘ಎ’ ಎಂಬ ಹೈಡ್ರಾಲಿಕ್ ಸಿಸ್ಟಮ್.

ಕೆಡುವ ಜಾಗಗಳು ಬೇಕಾದಷ್ಟಿವೆ. ಗೇರನ್ನು ತಳ್ಳಿ ಎಳೆಯುವ ಆ್ಯಕ್ಚುಯೇಟರಿನ ಸೀಲು ಹರಿದು ಹೈಡ್ರಾಲಿಕ್ ಆಯಿಲ್ ಸೋರುವುದು, ಕೊಕ್ಕೆಯ ಗ್ರೀಸು ಗಟ್ಟಿಯಾಗುವುದು, ಚಕ್ರದ ಗೂಡಿನಲ್ಲಿ ಓಡುವ ವೈರು ಉಜ್ಜಿ ತುಂಡಾಗುವುದು, ಸೆನ್ಸರಿನ ಮುಂದಿನ ಕೆಲವೇ ಮಿಲಿಮೀಟರ್ ಅಂತರ ಹೆಚ್ಚು ಕಡಿಮೆಯಾಗುವುದು. ಇವುಗಳಲ್ಲಿ ತುಕ್ಕು ಕಣ್ಣಿಗೆ ಬೀಳದ ಶತ್ರು. 2007ರ ಸೆಪ್ಟೆಂಬರ್ 9ರಂದು ಡೆನ್ಮಾರ್ಕಿನ ಆಲ್‌ಬೋರ್ಗ್‌ನಲ್ಲಿ ಎಸ್‌ಎಎಸ್ ಸಂಸ್ಥೆಯ ಡ್ಯಾಶ್ 8 ಕ್ಯೂ400 ವಿಮಾನದ ಬಲ ಗೇರ್ ಕುಸಿದದ್ದು ಆ್ಯಕ್ಚುಯೇಟರ್ ದಂಡದ ತುದಿಯ ತಿರುಪಿನ ಮರೆಗಳಿಗೆ ತುಕ್ಕು ಹಿಡಿದು ಅದು ಕಳಚಿಕೊಂಡಿದ್ದರಿಂದ. ಮೂರೇ ದಿನಕ್ಕೆ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಅದೇ ಸಂಸ್ಥೆಯ ಅದೇ ಮಾದರಿಯ ಇನ್ನೊಂದು ವಿಮಾನದ ಗೇರ್ ಕೂಡ ಕುಸಿಯಿತು. ಎ320ರ ಗೇರನ್ನು ಸಾಮಾನ್ಯವಾಗಿ 10 ವರ್ಷ ಅಥವಾ 20,000 ಹಾರಾಟ, ಯಾವುದು ಮೊದಲೋ ಆಗ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡುವುದು ಸುಮ್ಮನೆ ಅಲ್ಲ.

ಹಂತ 1: ಮೇಲೆ ಹೋಗಿ, ಕೆಲಸ ಹಂಚಿ, ಗಡಿಯಾರ ಒತ್ತಿ

ಗೋ-ಅರೌಂಡ್ ಮಾಡಿ, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ. ಚೆಕ್‌ಲಿಸ್ಟ್ ಹೇಳುವವರೆಗೆ ಗೇರ್ ಲಿವರ್ ಮುಟ್ಟಬೇಡಿ. ಅರ್ಧ ಸಿಕ್ಕಿಕೊಂಡಿರುವುದನ್ನು ಅವಸರದಲ್ಲಿ ಎಳೆದರೆ ಇನ್ನಷ್ಟು ಸಿಕ್ಕಿಕೊಳ್ಳಬಹುದು. ಸುರಕ್ಷಿತ ಎತ್ತರಕ್ಕೆ ಏರಿ, ಆಟೊಪೈಲಟ್ ಹಾಕಿ, ಎಟಿಸಿಯಿಂದ (ವಾಯು ಸಂಚಾರ ನಿಯಂತ್ರಣದವರಿಂದ) ಹೋಲ್ಡಿಂಗ್, ಅಂದರೆ ಒಂದೇ ಕಡೆ ಸುತ್ತುತ್ತಾ ಕಾಯುವ ಅನುಮತಿ, ಕೇಳಿ.

ಆಮೇಲೆ ಒಬ್ಬರು ಹಾರಿಸಬೇಕು, ಇನ್ನೊಬ್ಬರು ಚೆಕ್‌ಲಿಸ್ಟ್ ಓದಬೇಕು. ಹಾರಿಸುವವರು ಗೇರಿನ ಕಡೆ ತಲೆ ಹಾಕಬಾರದು. ಇದು ಶಿಸ್ತಿನ ಪಾಠವಲ್ಲ, ರಕ್ತದಲ್ಲಿ ಬರೆದ ನಿಯಮ. 1972ರ ಡಿಸೆಂಬರ್ 29ರ ರಾತ್ರಿ ಮಯಾಮಿಗೆ ಇಳಿಯಬೇಕಿದ್ದ ಈಸ್ಟರ್ನ್ ಏರ್‌ಲೈನ್ಸ್ 401ರಲ್ಲಿ ಮೂತಿಯ, ಅಂದರೆ ನೋಸ್ ಗೇರಿನ, ಹಸಿರು ದೀಪ ಹೊತ್ತಲಿಲ್ಲ. 2000 ಅಡಿಯಲ್ಲಿ ಆಟೊಪೈಲಟ್ ಹಾಕಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಆ ದೀಪದ ಹಿಂದೆ ಬಿದ್ದರು. ನಡುವೆ ಆಟೊಪೈಲಟ್ಟಿನ ಎತ್ತರ ಹಿಡಿಯುವ ಕೆಲಸ ತಪ್ಪಿದ್ದು ಯಾರ ಗಮನಕ್ಕೂ ಬರಲಿಲ್ಲ. ಟ್ರೈಸ್ಟಾರ್ ವಿಮಾನ ನಿಧಾನವಾಗಿ ಇಳಿದು ಎವರ್‌ಗ್ಲೇಡ್ಸ್ ಜೌಗಿಗೆ ಬಿತ್ತು, 101 ಮಂದಿ ಸತ್ತರು. ಗೇರ್ ಸರಿಯಾಗಿಯೇ ಇಳಿದಿತ್ತು. ಸುಟ್ಟುಹೋಗಿದ್ದದ್ದು ಬಲ್ಬು.

ಗಡಿಯಾರ ಒತ್ತುವುದೆಂದರೆ ಇಂಧನದ ಲೆಕ್ಕ ಹಾಕುವುದು. ಅದನ್ನು ಕಾಗದದ ಮೇಲೆ ಬರೆಯಿರಿ. ಒಂದು ಉದಾಹರಣೆ: ಬೆಂಗಳೂರಿನ ಮೇಲೆ ಎ320ರಲ್ಲಿ 4200 ಕಿಲೊ ಇಂಧನ ಉಳಿದಿದೆ ಎನ್ನಿ. ಮುಟ್ಟಲೇಬಾರದ ಅಂತಿಮ ಮೀಸಲು 30 ನಿಮಿಷದ್ದು, ಸುಮಾರು 1200 ಕಿಲೊ. ಇಳಿಯುವ ಸುತ್ತಿಗೆ ಮತ್ತು ಕೈಮೀಸಲಿಗೆ 800. ಸಮಸ್ಯೆ ಬಗೆಹರಿಸಲು ಉಳಿದದ್ದು 2200. ಚಕ್ರ ಮಡಚಿಕೊಂಡು ಸುತ್ತಿದರೆ ನಿಮಿಷಕ್ಕೆ 40 ಕಿಲೊ ಖರ್ಚು, 55 ನಿಮಿಷ ಸಿಗುತ್ತದೆ. ಚಕ್ರ ಚಾಚಿಕೊಂಡೇ ಸುತ್ತಿದರೆ ಗಾಳಿಯ ಎಳೆತಕ್ಕೆ ನಿಮಿಷಕ್ಕೆ 60 ಎಂದು ಹಿಡಿದರೂ 36 ನಿಮಿಷಕ್ಕೆ ಇಳಿಯುತ್ತದೆ. ನಿಮ್ಮ ವಿಮಾನದ ನಿಜವಾದ ಅಂಕಿ ಕೈಪಿಡಿಯಲ್ಲಿದೆ, ಅದನ್ನು ಹಾಕಿಕೊಳ್ಳಿ. ಲೆಕ್ಕದಿಂದ ಬರುವ ಉತ್ತರ ಮಾತ್ರ ಹೀಗೆ ಗಟ್ಟಿಯಾಗಿರಬೇಕು: ‘ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ, ಚಕ್ರ ಬಂದಿರಲಿ ಬಿಡಲಿ, ಇಳಿಯುತ್ತೇವೆ.’

ಆ ಗಂಟೆಯನ್ನು ಎಟಿಸಿಗೂ ಕ್ಯಾಬಿನ್ ಸಿಬ್ಬಂದಿಗೂ ಹೇಳಿಬಿಡಿ. ಹೇಳಿದ ಮೇಲೆ ಅದನ್ನು ಜಾರಿಸುವುದು ಕಷ್ಟ, ಅದೇ ಅದರ ಲಾಭ. 1978ರ ಡಿಸೆಂಬರ್ 28ರಂದು ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ 173, ಒಂದು ಡಿಸಿ-8, ಗೇರಿನ ಅನುಮಾನಕ್ಕೆ ಚಕ್ರ ಚಾಚಿಕೊಂಡೇ ಸುಮಾರು ಒಂದು ಗಂಟೆ ಸುತ್ತಿತು. ಫ್ಲೈಟ್ ಎಂಜಿನಿಯರ್ ಇಂಧನದ ಬಗ್ಗೆ ಹೇಳುತ್ತಲೇ ಇದ್ದರು, ಆದರೆ ಗಟ್ಟಿಯಾಗಿ ಹೇಳಲಿಲ್ಲ. ನಾಲ್ಕೂ ಎಂಜಿನ್ ನಿಂತು ವಿಮಾನ ಊರಂಚಿನಲ್ಲಿ ಬಿತ್ತು, 10 ಮಂದಿ ಸತ್ತರು. ಇಂದು ಎಲ್ಲ ಏರ್‌ಲೈನ್‌ಗಳೂ ಕಲಿಸುವ ಸಿಆರ್‌ಎಂ (ಸಿಬ್ಬಂದಿ ಒಬ್ಬರ ಮಾತು ಒಬ್ಬರು ಕೇಳಿ ಒಟ್ಟಾಗಿ ಕೆಲಸ ಮಾಡುವ) ತರಬೇತಿಗೆ ದೊಡ್ಡ ತಳ್ಳು ಸಿಕ್ಕಿದ್ದು ಅಲ್ಲಿಂದ.

ಹಂತ 2: ಕೆಟ್ಟಿರುವುದು ಗೇರೋ, ದೀಪವೋ?

ಎ320ರಲ್ಲಿ ವಿಮಾನದ ಸ್ಥಿತಿ ತೋರಿಸುವ ಇಕ್ಯಾಮ್ ಪರದೆಯ ವೀಲ್ ಪುಟ ತೆಗೆಯಿರಿ. ಪ್ರತಿ ಗೇರಿಗೂ ಎರಡೆರಡು ತ್ರಿಕೋನ, ಒಂದು ಮೊದಲ ಎಲ್‌ಜಿಸಿಐಯು ಕಂಡದ್ದು, ಇನ್ನೊಂದು ಎರಡನೆಯದು ಕಂಡದ್ದು. ಒಂದೊಂದು ಗೇರಿಗೂ ಒಂದೊಂದು ಹಸಿರು ತ್ರಿಕೋನ ಇದ್ದರೆ ಸಾಕು, ಗೇರ್ ಇಳಿದು ಬೀಗ ಬಿದ್ದಿದೆ. ಲಿವರಿನ ಪಕ್ಕದ ದೀಪಗಳಿಗೆ ಮಾಹಿತಿ ಬರುವುದು ಮೊದಲನೆಯ ಪೆಟ್ಟಿಗೆಯಿಂದ ಮಾತ್ರ, ಅದೊಂದು ಕೆಟ್ಟರೆ ದೀಪಗಳೇ ಇರುವುದಿಲ್ಲ. 737ರಲ್ಲಿ ಮುಂದಿನ ಪ್ಯಾನೆಲ್ಲಿನ ಮೂರು ಹಸಿರಿನ ಜೊತೆಗೆ ತಲೆಯ ಮೇಲಿನ ಪ್ಯಾನೆಲ್ಲಿನ ಹಿಂಭಾಗದಲ್ಲಿ ಇನ್ನೂ ಮೂರಿವೆ. ಒಂದು ಗೇರಿಗೆ ಎರಡರಲ್ಲಿ ಯಾವ ಕಡೆ ಹಸಿರು ಬಂದರೂ ನಂಬಬಹುದು. ಲ್ಯಾಂಪ್ ಟೆಸ್ಟ್ ಮರೆಯಬೇಡಿ.

ಹೆಚ್ಚು ಕರೆಂಟ್ ಹರಿದರೆ ತಾವೇ ಹೊರಬರುವ ಸರ್ಕ್ಯೂಟ್ ಬ್ರೇಕರ್‌ಗಳ ಮೇಲೂ ಒಮ್ಮೆ ಕಣ್ಣಾಡಿಸಿ, ಕಾಲ ಬಳಿಯ ಕತ್ತಲ ಮೂಲೆಯಲ್ಲಿರುವವನ್ನು ಕೂಡ. 2011ರ ನವೆಂಬರ್ 1ರಂದು ನ್ಯೂವಾರ್ಕ್‌ನಿಂದ ವಾರ್ಸಾಗೆ ಬಂದ ಲಾಟ್ ಸಂಸ್ಥೆಯ ಬೋಯಿಂಗ್ 767ಕ್ಕೆ ಟೇಕಾಫ್ ಆದ ಸ್ವಲ್ಪ ಹೊತ್ತಿಗೇ ಹೈಡ್ರಾಲಿಕ್ ಸೋರಿ ಗೇರಿನ ಮಾಮೂಲಿ ದಾರಿ ಹೋಗಿತ್ತು. ಪರ್ಯಾಯ ದಾರಿಯೂ ಕೆಲಸ ಮಾಡಲಿಲ್ಲ. ಕ್ಯಾಪ್ಟನ್ ತಾದೆಯುಷ್ ವ್ರೋನಾ 231 ಮಂದಿಯನ್ನು ಹೊತ್ತು ಹೊಟ್ಟೆಯ ಮೇಲೆ ಇಳಿಸಿದರು, ಯಾರಿಗೂ ಗಾಯವಾಗಲಿಲ್ಲ. ತನಿಖೆಯಲ್ಲಿ ಗೊತ್ತಾದದ್ದು: ಪರ್ಯಾಯ ಗೇರ್ ವ್ಯವಸ್ಥೆಗೆ ವಿದ್ಯುತ್ ಕೊಡುವ, ನೆಲದ ಹತ್ತಿರವಿದ್ದ ಒಂದು ಬ್ರೇಕರ್ ಹೊರಬಂದಿತ್ತು. ಕ್ರೇನಿನಲ್ಲಿ ವಿಮಾನ ಎತ್ತಿ, ಬ್ರೇಕರ್ ಒತ್ತಿ, ವಿದ್ಯುತ್ ಕೊಟ್ಟಾಗ ಚಕ್ರಗಳು ಸಲೀಸಾಗಿ ಇಳಿದವು. ಹಾಗೆಂದು ಹೊರಬಂದ ಬ್ರೇಕರನ್ನೆಲ್ಲ ಒತ್ತುತ್ತಾ ಹೋಗುವುದಲ್ಲ, ಅದು ಹೊರಬಂದಿರುವುದಕ್ಕೆ ಕಾರಣ ಇರುತ್ತದೆ. ಯಾವುದನ್ನು, ಎಷ್ಟು ಸಲ ಒತ್ತಬಹುದೆಂಬುದು ಚೆಕ್‌ಲಿಸ್ಟಿನ ಮಾತು.

ಟವರಿನ ಪಕ್ಕ ತಗ್ಗಿನಲ್ಲಿ ಹಾರಿ ‘ಚಕ್ರ ಕಾಣುತ್ತಿದೆಯಾ’ ಎಂದು ಕೇಳುವುದುಂಟು. ಕೇಳಬಹುದು, ಆದರೆ ಉತ್ತರದ ಬೆಲೆ ತಿಳಿದಿರಲಿ. ‘ಇಳಿದ ಹಾಗೆ ಕಾಣುತ್ತಿದೆ’ ಎಂಬುದಷ್ಟೇ ಅವರು ಹೇಳಬಲ್ಲರು. ಮೊಣಕಾಲಿನ ಆ ಎರಡು ಡಿಗ್ರಿ ದುರ್ಬೀನಿಗೂ ಸಿಗುವುದಿಲ್ಲ. ಒಂದು ಚಕ್ರ ಬಂದೇ ಇಲ್ಲ, ಅಡ್ಡ ತಿರುಗಿದೆ, ಟಯರ್ ಹರಿದಿದೆ ಎಂಬಂಥದ್ದಕ್ಕೆ ಮಾತ್ರ ಈ ನೋಟ ಉಪಯೋಗ. ರಾತ್ರಿ ಹೊತ್ತು ಅದೂ ಇಲ್ಲ.

ಹಂತ 3: ಒಮ್ಮೆ ಎತ್ತಿ ಇಳಿಸುವುದು

ಎ320ರಲ್ಲಿ ‘ಗೇರ್ ನಾಟ್ ಡೌನ್‌ಲಾಕ್ಡ್’ ಎಂಬ ಎಚ್ಚರಿಕೆಗೆ ಮೊದಲ ಮದ್ದು ಲಿವರನ್ನು ಒಮ್ಮೆ ಮೇಲೆ ಹಾಕಿ ಮತ್ತೆ ಕೆಳಗೆ ಹಾಕುವುದು. ಇದರಿಂದ ಕೆಲಸ ಇನ್ನೊಂದು ಎಲ್‌ಜಿಸಿಐಯುಗೆ ದಾಟುತ್ತದೆ, ಸೆನ್ಸರಿನದೋ ಪೆಟ್ಟಿಗೆಯದೋ ದೋಷವಾಗಿದ್ದರೆ ಅಲ್ಲಿಗೆ ಮುಗಿಯಿತು. ವೇಗದ ಮಿತಿ ನೋಡಿಕೊಳ್ಳಿ: ಎತ್ತಲು 220 ನಾಟ್, ಇಳಿಸಲು 250. ಎರಡು ನಿಮಿಷ ಕಾಯಿರಿ. ಎರಡು ನಿಮಿಷ ಎಂದರೆ ಕಾಕ್‌ಪಿಟ್‌ನಲ್ಲಿ ಬಹಳ ಉದ್ದ, ನಲವತ್ತು ಸೆಕೆಂಡಿಗೇ ‘ಆಗಲಿಲ್ಲ’ ಅನ್ನಿಸಿಬಿಡುತ್ತದೆ. ಗಡಿಯಾರ ನೋಡಿಯೇ ಎಣಿಸಿ.

ಮತ್ತೆ ಮತ್ತೆ ಎತ್ತಿ ಇಳಿಸುವ ಆಸೆ ಬರುತ್ತದೆ. ಹೈಡ್ರಾಲಿಕ್ ಆಯಿಲ್ ಸೋರುತ್ತಿದ್ದರೆ ಪ್ರತಿ ಸುತ್ತಿನಲ್ಲೂ ಇನ್ನಷ್ಟು ಹೊರಹೋಗುತ್ತದೆ. ಗೇರಿಗೆ ಪೆಟ್ಟಾಗಿದೆ ಎಂಬ ಗುಮಾನಿ ಇದ್ದರೆ, ಇಳಿದಿರುವುದನ್ನು ಎತ್ತಲೇಬೇಡಿ. ಹೇಗೋ ಹೊರಗಿರುವ ಚಕ್ರ ಒಳಗೆ ಹೋಗಿ ಸಿಕ್ಕಿಕೊಂಡರೆ ಕೈಯಲ್ಲಿದ್ದದ್ದೂ ಹೋಯಿತು.

ಹಂತ 4: ಭೂಮಿಯ ಸೆಳೆತಕ್ಕೆ ಬಿಡುವುದು

ಈ ಹಂತಕ್ಕೆ ಬರುವ ಮೊದಲು ಎಲ್ಲಿ ಇಳಿಯುತ್ತೇವೆಂಬುದು ತೀರ್ಮಾನವಾಗಿರಬೇಕು. ಹೀಗೆ ಇಳಿಸಿದ ಗೇರನ್ನು ಮತ್ತೆ ಎತ್ತುವ ಭರವಸೆ ಇಲ್ಲ. ಅಲ್ಲಿಂದಾಚೆ ಇಂಧನ ನಿಮಿಷಕ್ಕೆ 40 ಅಲ್ಲ, 60. ಇಳಿಸಿದ ಮೇಲೆ ‘ಚೆನ್ನೈಗೆ ಹೋಗೋಣವಾ’ ಎಂದು ಚರ್ಚಿಸುವುದು ತಡವಾದ ಚರ್ಚೆ.

ಎ320ರಲ್ಲಿ ಇಬ್ಬರು ಪೈಲಟ್‌ಗಳ ನಡುವಿನ ಪೆಡೆಸ್ಟಲ್‌ನ ಹಿಂಬದಿಯಲ್ಲಿ ಮಡಚಿಟ್ಟ ಒಂದು ಕೈ ಹಿಡಿಕೆ ಇದೆ. ಅದನ್ನು ಹೊರಗೆಳೆದು ಬಲಕ್ಕೆ ಮೂರು ಸುತ್ತು, ಪೂರ್ತಿ ತಡೆಯುವವರೆಗೆ ತಿರುಗಿಸಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಎರಡನೇ ಸುತ್ತಿಗೆ ಕೆಳಗೆ ಧಡ್ ಎಂಬ ಸದ್ದು ಕೇಳಿದ ಕೂಡಲೇ ಆಯಿತೆಂದು ಕೈ ಬಿಡುತ್ತಾರೆ. ಹಿಡಿಕೆ ಮೊದಲು ಹೈಡ್ರಾಲಿಕ್ ಒತ್ತಡ ಕಡಿಯುತ್ತದೆ, ಆಮೇಲೆ ಬಾಗಿಲಿನ ಕೊಕ್ಕೆ, ಕೊನೆಗೆ ಗೇರಿನ ಕೊಕ್ಕೆ ಬಿಡಿಸುತ್ತದೆ. ಆ ಸದ್ದು ಬಾಗಿಲಿನದ್ದಾಗಿರಬಹುದು. ಮೂರೂ ಸುತ್ತು ಮುಗಿದ ಮೇಲೆ ಲಿವರ್ ಕೆಳಗೆ ಹಾಕಿ ದೀಪ ನೋಡಿ. ಬಾಗಿಲುಗಳು ತೆರೆದೇ ಇರುತ್ತವೆ, ಮೂತಿಯ ಚಕ್ರ ತಿರುಗಿಸುವ ಸ್ಟೀರಿಂಗ್ ಇರುವುದಿಲ್ಲ. ಆದ್ದರಿಂದ ಇಳಿದ ಮೇಲೆ ಟ್ಯಾಕ್ಸಿವೇಗೆ ತಿರುಗುವ ಯೋಚನೆ ಬಿಟ್ಟು ಟೋ ಗಾಡಿ ತರಿಸಿ.

737ರಲ್ಲಿ ಕೆಲಸ ಇನ್ನೂ ನಾಟಿ. ಫಸ್ಟ್ ಆಫೀಸರ್ ಸೀಟಿನ ಹಿಂದೆ ನೆಲದಲ್ಲೊಂದು ಸಣ್ಣ ಮುಚ್ಚಳ ಇದೆ. ಅದರೊಳಗೆ ಮೂರು ಹಿಡಿ, ಎಡ, ಬಲ, ಮೂತಿ. ಗೇರ್ ಲಿವರನ್ನು ಆಫ್‌ಗೆ ಹಾಕಿ ಒಂದೊಂದನ್ನೇ ಸುಮಾರು 60 ಸೆಂಟಿಮೀಟರ್, ಅಂದರೆ ಮೊಣಕೈಯಿಂದ ಬೆರಳ ತುದಿಗಿಂತ ಉದ್ದಕ್ಕೆ, ಬಲವಾಗಿ ಎಳೆಯಬೇಕು. ಅರ್ಧಕ್ಕೆ ಬಿಟ್ಟರೆ ಕೊಕ್ಕೆ ಬಿಡುವುದಿಲ್ಲ. ಕೊನೆಯದನ್ನು ಎಳೆದ ಮೇಲೆ 15 ಸೆಕೆಂಡ್ ಕಾದು ಲಿವರ್ ಡೌನ್‌ಗೆ.

ಎರಡೂ ವಿಮಾನಗಳಲ್ಲಿ ಮೂತಿಯ ಗೇರ್ ಮುಂದಕ್ಕೆ ಮಡಚುತ್ತದೆ, ಕೊಕ್ಕೆ ಬಿಟ್ಟರೆ ಎದುರುಗಾಳಿಯೇ ಹಿಂದಕ್ಕೆ ತಳ್ಳಿ ಬೀಗಕ್ಕೆ ಕೂರಿಸುತ್ತದೆ. ಮೇನ್ ಗೇರ್ ಹಾಗಲ್ಲ, ಅದು ಒಳಗಿನಿಂದ ಪಕ್ಕಕ್ಕೆ ತೂಗಿ ಬರುತ್ತದೆ. ಗಾಳಿಯ ಸಹಾಯ ಇಲ್ಲ, ಸ್ವಂತ ತೂಕ ಮತ್ತು ಬೀಗದ ಸ್ಪ್ರಿಂಗ್ ಅಷ್ಟೆ. ಬೀಗಕ್ಕೆ ಕೂದಲೆಳೆ ಬಾಕಿ ನಿಲ್ಲುವುದು ಸಾಮಾನ್ಯವಾಗಿ ಇದೇ. ವಿಮಾನವನ್ನು ಪಕ್ಕಕ್ಕೆ ಜಾರಿಸಿ, ಕುಲುಕಿ ಬೀಗ ಕೂರಿಸುವ ಉಪಾಯಗಳಿವೆ. ಕೈಪಿಡಿ ಹೇಳಿದ್ದರೆ, ಹೇಳಿದ ವೇಗದಲ್ಲಿ, ಹೇಳಿದಷ್ಟೇ ಮಾಡಿ. ರನ್‌ವೇಗೆ ಚಕ್ರ ಕುಟ್ಟಿ ನೋಡುವುದು ಸಿನಿಮಾದವರಿಗೆ ಬಿಟ್ಟದ್ದು.

ಚಕ್ರ ಮೇಲೆ ಹೋಗದಿದ್ದರೆ

ಇದು ತಲೆನೋವು ಕಡಿಮೆಯ ಬಗೆ, ವಾಪಸ್ ಬಂದು ಇಳಿದರೆ ಮುಗಿಯಿತು. ಎಷ್ಟೋ ಸಲ ಕಾರಣ ನೆಲದ ಮೇಲೆ ಹಾಕುವ, ಕೆಂಪು ಪಟ್ಟಿ ನೇತಾಡುವ ಲಾಕ್ ಪಿನ್ ತೆಗೆಯಲು ಮರೆತದ್ದೇ ಆಗಿರುತ್ತದೆ. ಅಪಾಯ ಇರುವುದು ‘ಹೇಗೂ ಚಕ್ರ ಕೆಳಗಿದೆ, ಊರು ಮುಟ್ಟಿಬಿಡೋಣ’ ಎಂಬ ಆಸೆಯಲ್ಲಿ. 2000ದ ಜುಲೈ 12ರಂದು ಗ್ರೀಸಿನ ಖಾನಿಯಾದಿಂದ ಜರ್ಮನಿಯ ಹ್ಯಾನೋವರ್‌ಗೆ ಹೊರಟ ಒಂದು ಎ310 ಚಕ್ರ ಚಾಚಿಕೊಂಡೇ ಮುಂದುವರಿಯಿತು. ಚಾಚಿದ ಚಕ್ರದ ಎಳೆತ ಫ್ಲೈಟ್ ಮ್ಯಾನೇಜ್‌ಮೆಂಟ್ ಕಂಪ್ಯೂಟರಿಗೆ ಗೊತ್ತಿಲ್ಲ, ಅದು ತೋರಿಸಿದ ಇಂಧನದ ಅಂದಾಜು ಸುಳ್ಳು. ವಿಯೆನ್ನಾದ ರನ್‌ವೇ ಕಾಣುತ್ತಿರುವಾಗಲೇ ಎರಡೂ ಎಂಜಿನ್ ಆರಿ, ವಿಮಾನ ರನ್‌ವೇಗೆ ಮೊದಲೇ ಹುಲ್ಲಿನಲ್ಲಿ ಇಳಿಯಿತು. ಜೀವಹಾನಿ ಆಗಲಿಲ್ಲ. 2017ರಲ್ಲಿ ಕೋಲ್ಕತ್ತಾದಿಂದ ಮುಂಬೈಗೆ ಹೊರಟ ಎ320 ಒಂದರಲ್ಲಿ ಗೇರ್ ಎತ್ತುವುದೇ ಮರೆತುಹೋಗಿ, ಇಂಧನ ಸಾಲದೆ ನಾಗಪುರಕ್ಕೆ ತಿರುಗಿಸಬೇಕಾಯಿತು.

ಹಂತ 5: ಎಲ್ಲಿ, ಎಷ್ಟು ಭಾರದಲ್ಲಿ

ಇಷ್ಟಾದರೂ ಹಸಿರು ಬರಲಿಲ್ಲ ಎಂದರೆ ಗೇರ್ ಸರಿಮಾಡುವ ಅಧ್ಯಾಯ ಮುಗಿಯಿತು, ಇಳಿಯುವ ಸಿದ್ಧತೆ ಶುರು. ರೇಡಿಯೊದಲ್ಲಿ ಮೇಡೇ ಎಂಬ ಅಪಾಯದ ಕರೆ ಕೊಟ್ಟು, ರೇಡಾರಿಗೆ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತಿನ ಸಂಕೇತ 7700 ಹಾಕಿ. ನೆಲದಲ್ಲಿ ಫುಲ್ ಎಮರ್ಜೆನ್ಸಿ ಘೋಷಣೆಯಾಗುತ್ತದೆ. ಎಟಿಸಿಗೆ ಬೇಕಾದ್ದು: ವಿಮಾನದಲ್ಲಿ ಎಷ್ಟು ಜನ, ಎಷ್ಟು ಇಂಧನ, ಯಾವ ಚಕ್ರ ಇಲ್ಲ, ಅಪಾಯಕಾರಿ ಸರಕು ಇದೆಯೇ.

ನಮ್ಮ ರಾಜ್ಯದ ಮಟ್ಟಿಗೆ ಹೇಳುವುದಾದರೆ ಬೆಂಗಳೂರಿನ ಕೆಂಪೇಗೌಡ ನಿಲ್ದಾಣವೇ ಮೊದಲ ಆಯ್ಕೆ. 4000 ಮೀಟರಿನ ಎರಡು ರನ್‌ವೇ, ಒಂದು ಮುಚ್ಚಿಹೋದರೂ ಇನ್ನೊಂದು ನಡೆಯುತ್ತದೆ, ಅಗ್ನಿಶಾಮಕ ಬಲ ದೊಡ್ಡದು, ಆಸ್ಪತ್ರೆಗಳಿವೆ. ಮಂಗಳೂರಿನದು ಗುಡ್ಡದ ನೆತ್ತಿ ಸವರಿ ಮಾಡಿದ 2450 ಮೀಟರ್, ಎರಡೂ ತುದಿಯಲ್ಲಿ ಕಮರಿ. ದಿಕ್ಕು ಹಿಡಿತದಲ್ಲಿರದ ವಿಮಾನಕ್ಕೆ ಅದು ಜಾಗವಲ್ಲ. ಮೈಸೂರಿನ 1740 ಮೀಟರಿನ ಮಾತೇ ಬೇಡ.

ಎ320ಕ್ಕೂ 737ಕ್ಕೂ ಇಂಧನವನ್ನು ಗಾಳಿಗೆ ಚೆಲ್ಲುವ ವ್ಯವಸ್ಥೆ ಇಲ್ಲ, ಸುತ್ತಿ ಸುತ್ತಿ ಸುಡಬೇಕು. 2024ರ ಅಕ್ಟೋಬರ್ 11ರ ಸಂಜೆ ತಿರುಚಿರಾಪಳ್ಳಿಯಿಂದ ಶಾರ್ಜಾಕ್ಕೆ ಹೊರಟ 737 ಹೈಡ್ರಾಲಿಕ್ ದೋಷ ಕಂಡು ಎರಡು ಗಂಟೆಗೂ ಹೆಚ್ಚು ಆಕಾಶದಲ್ಲಿ ಸುತ್ತುವುದನ್ನು ದೇಶವೆಲ್ಲ ಮೊಬೈಲಿನಲ್ಲಿ ನೋಡಿದ್ದು ಇದೇ ಕಾರಣಕ್ಕೆ. ಭಾರ ಇಳಿದಂತೆ ಇಳಿಯುವ ವೇಗ ಇಳಿಯುತ್ತದೆ, ಉಜ್ಜುವಾಗ ಕರಗಿಸಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ತಗ್ಗುತ್ತದೆ, ಬೆಂಕಿಗೆ ಸಿಗುವ ಎಣ್ಣೆಯೂ ಕಡಿಮೆ. ಆದರೆ ಒಂದನೇ ಹಂತದಲ್ಲಿ ಬರೆದಿಟ್ಟ ಗಂಟೆಯನ್ನು ದಾಟಿ ಸುಡಬೇಡಿ.

ಒಂದು ಬದಿಯ ಮೇನ್ ಗೇರ್ ಇಲ್ಲದಿದ್ದರೆ ಆ ಬದಿಯ ರೆಕ್ಕೆಯ ಇಂಧನವನ್ನೇ ಮೊದಲು ಖಾಲಿ ಮಾಡಿ. ಎ320ರಲ್ಲಿ ಎರಡೂ ಬದಿಯ ಇಂಧನದ ದಾರಿ ಜೋಡಿಸುವ ಕ್ರಾಸ್‌ಫೀಡ್ ತೆರೆದು, ಗೇರ್ ಸರಿ ಇರುವ ಬದಿಯ ಪಂಪ್‌ಗಳನ್ನು ಆಫ್ ಮಾಡುತ್ತಾರೆ. ಹಗುರಾದ ರೆಕ್ಕೆಯನ್ನು ನೆಲ ಮುಟ್ಟಿಸದೆ ಹೆಚ್ಚು ಹೊತ್ತು ಎತ್ತಿ ಹಿಡಿಯಬಹುದು.

ರನ್‌ವೇ ಮೇಲೆ ನೊರೆ ಹಾಸುವುದು ಹಳೆಯ ಪದ್ಧತಿ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಆ ಸಲಹೆಯನ್ನು 1980ರ ದಶಕದಲ್ಲೇ ಕೈಬಿಟ್ಟಿತು: ಬ್ರೇಕ್ ಹಿಡಿತ ಕೆಡುತ್ತದೆ, ಬೆಂಕಿ ಬಿದ್ದಾಗ ಬೇಕಾದ ನೊರೆ ಮೊದಲೇ ಮುಗಿದಿರುತ್ತದೆ. ಹಾಗಿದ್ದರೂ ವಾರ್ಸಾದಲ್ಲಿ ಹಾಸಿದ್ದರು. ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ 2023ರ ಜುಲೈ 11ರಂದು ಒಂದು ಪುಟ್ಟ ಜೆಟ್ ನೋಸ್ ಗೇರ್ ಇಲ್ಲದೆ ಇಳಿದಾಗಲೂ ನೊರೆ ಇತ್ತು. ಅದರಲ್ಲಿದ್ದ ಇಬ್ಬರು ಪೈಲಟ್‌ಗಳೂ ಕ್ಷೇಮ.

ಹಂತ 6: ಕ್ಯಾಬಿನ್

ಕ್ಯಾಪ್ಟನ್ ಹಿರಿಯ ಕ್ಯಾಬಿನ್ ಸಿಬ್ಬಂದಿಗೆ ನಾಲ್ಕು ವಿಷಯ ಹೇಳಬೇಕು: ಏನಾಗಿದೆ, ಏನು ಮಾಡಲಿದ್ದೇವೆ, ಎಷ್ಟು ಸಮಯವಿದೆ, ವಿಶೇಷವಾಗಿ ಏನು ಮಾಡಬೇಕು. ಅವರು ಅದನ್ನೇ ತಿರುಗಿ ಹೇಳಬೇಕು. ‘ಸಮಯ ಎಷ್ಟು’ ಎಂಬುದಕ್ಕೆ ‘ಸ್ವಲ್ಪ ಹೊತ್ತು’ ಎಂಬ ಉತ್ತರ ಬೇಡ. ‘25 ನಿಮಿಷ, ಈಗ 6.10’ ಎನ್ನಿ, ಇಬ್ಬರೂ ವಾಚ್ ನೋಡಿಕೊಳ್ಳಲಿ.

ಮೂತಿಯ ಗೇರ್ ಇಲ್ಲದಿದ್ದರೆ ಮುಂದಿನ ಸಾಲಿನವರನ್ನು ಹಿಂದಕ್ಕೆ ಕೂರಿಸಬಹುದು, ಭಾರ ಹಿಂದಕ್ಕೆ ಸರಿದರೆ ಮೂತಿಯನ್ನು ಹೆಚ್ಚು ಹೊತ್ತು ಎತ್ತಿ ಹಿಡಿಯಬಹುದು. ಪ್ರೊಪೆಲ್ಲರ್ ವಿಮಾನವಾದರೆ ರೆಕ್ಕೆಗೆ ನೇರ ಇರುವ ಸಾಲುಗಳನ್ನು ಖಾಲಿ ಮಾಡಿಸಿ. ಆಲ್‌ಬೋರ್ಗ್‌ನಲ್ಲಿ ನೆಲಕ್ಕೆ ಬಡಿದ ಪ್ರೊಪೆಲ್ಲರಿನ ಅಲಗು ಮುರಿದು ಕ್ಯಾಬಿನ್ನಿನ ಗೋಡೆ ತೂರಿ ಬಂದಿತ್ತು.

ಬಾಗಿಲಿನಿಂದ ನೆಲಕ್ಕೆ ಜಾರುವ ಸ್ಲೈಡ್‌ಗಳ ಬಗ್ಗೆ ಮೊದಲೇ ಯೋಚಿಸಿ, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮೂತಿ ನೆಲಕ್ಕೆ ತಾಗಿದ್ದರೆ ಬಾಲ ಮೇಲೆದ್ದಿರುತ್ತದೆ, ಹಿಂದಿನ ಸ್ಲೈಡ್ ಕಡಿದಾಗಿ ಬಿದ್ದವರ ಕಾಲು ಮುರಿಯುತ್ತದೆ. ಮೂರೂ ಚಕ್ರ ಇಲ್ಲದಿದ್ದರೆ ಸ್ಲೈಡ್ ಬಹುತೇಕ ಮಟ್ಟಸ, ಜಾರುವುದಿಲ್ಲ, ಎದ್ದು ಓಡಬೇಕು. ಒಂದು ಬದಿ ವಾಲಿದ್ದರೆ ಮೇಲೆದ್ದ ಬದಿಯ ರೆಕ್ಕೆಯಿಂದ ನೆಲಕ್ಕೆ ಎತ್ತರ ಹೆಚ್ಚು, ತಗ್ಗಿದ ಬದಿಯಲ್ಲಿ ಉಜ್ಜಿದ ಎಂಜಿನ್. ಯಾವ ಬಾಗಿಲು ಬೇಡ ಎಂಬುದು ಸಿಬ್ಬಂದಿಗೆ ಇಳಿಯುವ ಮೊದಲೇ ಗೊತ್ತಿರಲಿ. ಪೂರ್ತಿ ತುಂಬಿದ ವಿಮಾನ ಅರ್ಧ ಬಾಗಿಲುಗಳಿಂದ 90 ಸೆಕೆಂಡಿನಲ್ಲಿ ಖಾಲಿಯಾಗಬಲ್ಲದು ಎಂದು ತಯಾರಕರು ಪರೀಕ್ಷೆ ಮಾಡಿ ತೋರಿಸಿರುತ್ತಾರೆ. ಆ ಪರೀಕ್ಷೆಯಲ್ಲಿ ಯಾರೂ ತಲೆಯ ಮೇಲಿನ ಬಿನ್ ತೆರೆದು ಟ್ರಾಲಿ ಬ್ಯಾಗ್ ಎಳೆದಿರುವುದಿಲ್ಲ.

ಪ್ರಯಾಣಿಕರ ಹೈಹೀಲ್ಸ್, ಜೇಬಿನ ಪೆನ್ನು, ಚೂಪಾದ ಆಭರಣ ತೆಗೆಸಿ. ಬೆಲ್ಟ್ ಹೊಟ್ಟೆಯ ಕೆಳಗೆ, ಬಿಗಿಯಾಗಿ. ತಲೆ ಬಗ್ಗಿಸಿ ಕೂರುವುದನ್ನು ಬಾಯಲ್ಲಿ ಹೇಳಿದರೆ ಸಾಲದು, ಒಮ್ಮೆ ಎಲ್ಲರಿಂದ ಮಾಡಿಸಿ ನೋಡಿ. ಹುಬ್ಬಳ್ಳಿ, ಕಲಬುರಗಿ, ಬೆಳಗಾವಿಯ ವಿಮಾನಗಳಲ್ಲಿ ಮೊದಲ ಸಲ ಹತ್ತಿದ ಅಜ್ಜ ಅಜ್ಜಿಯರಿರುತ್ತಾರೆ. ಇಂಗ್ಲಿಷ್ ಹಿಂದಿಯ ಕೂಗು ಅವರಿಗೆ ಬರೀ ಗಲಾಟೆ. ಕನ್ನಡ ಬರುವ ಸಿಬ್ಬಂದಿ ಇದ್ದರೆ ‘ಅಜ್ಜಿ, ತಲೆ ಬಗ್ಗಿಸ್ರಿ, ನಾನು ಏಳ್ರಿ ಅನ್ನೋತನಕ ಹಾಂಗs ಇರ್ರಿ’ ಎಂದು ಪಕ್ಕದಲ್ಲಿ ಕೂತು ತೋರಿಸಿದ ಒಂದು ನಿಮಿಷ ಆಮೇಲೆ ಹತ್ತು ಸೆಕೆಂಡ್ ಉಳಿಸುತ್ತದೆ. ಹತ್ತಿರದ ಗಟ್ಟಿಮುಟ್ಟಾದ ಪ್ರಯಾಣಿಕರೊಬ್ಬರಿಗೆ ಅವರ ಜವಾಬ್ದಾರಿ ಒಪ್ಪಿಸಿ.

ಹಂತ 7: ಇಳಿಯುವುದು

ಅಪ್ರೋಚ್‌ಗೆ ಮೊದಲು ಎ320ರಲ್ಲಿ ಮಾಡಬೇಕಾದ್ದು ಕೆಲವಿವೆ. ನೆಲ ಹತ್ತಿರವಾದರೆ ಎಚ್ಚರಿಸುವ ಜಿಪಿಡಬ್ಲ್ಯೂಎಸ್ ಆಫ್ ಮಾಡಬೇಕು, ಇಲ್ಲದಿದ್ದರೆ ಕೊನೆಯ ನಿಮಿಷವೆಲ್ಲ ‘ಟೂ ಲೋ ಗೇರ್’ ಎಂಬ ಕಿರುಚಾಟದಲ್ಲಿ ಮಾತೇ ಕೇಳಿಸುವುದಿಲ್ಲ. ಆಟೊಬ್ರೇಕ್ ಬೇಡ. ಮೇನ್ ಗೇರ್ ದೋಷವಾದರೆ ನೆಲ ತಾಗಿದೊಡನೆ ರೆಕ್ಕೆಯ ಮೇಲೆ ತಾನಾಗಿ ಏಳುವ ಗ್ರೌಂಡ್ ಸ್ಪಾಯ್ಲರ್ ಹಲಗೆಗಳನ್ನು ಆರ್ಮ್ ಮಾಡಬಾರದು (ಸಿದ್ಧ ಇಡಬಾರದು), ಚಕ್ರ ಜಾರದಂತೆ ಬ್ರೇಕ್ ಹಿಡಿಯುವ ಆ್ಯಂಟಿ-ಸ್ಕಿಡ್ ಆಫ್, ಬ್ರೇಕ್ ಒತ್ತಡ 1000 ಪಿಎಸ್‌ಐ ಮೀರದಂತೆ ಕಾಲಲ್ಲೇ ಅಳೆಯಬೇಕು. ಬಂದಿರುವ ಚಕ್ರಗಳನ್ನು ಎತ್ತಬೇಡಿ, ಎಷ್ಟು ಚಕ್ರ ಇದ್ದರೆ ಅಷ್ಟು ಒಳ್ಳೆಯದು.

ಎಂಜಿನ್ ಯಾವಾಗ ಆರಿಸುವುದೆಂಬುದು ಯಾವ ಚಕ್ರ ಇಲ್ಲ ಎಂಬುದರ ಮೇಲೆ. ನೋಸ್ ಗೇರ್ ಇಲ್ಲದಿದ್ದರೆ: ಮೇನ್ ಚಕ್ರಗಳ ಮೇಲೆ ಇಳಿದು, ಮೂತಿ ಎತ್ತಿ ಹಿಡಿದು, ಬಾಲದ ಎಲಿವೇಟರಿಗೆ ಮೂತಿ ಎತ್ತುವ ಬಲ ಇರುವಾಗಲೇ ಮೆತ್ತಗೆ ಇಳಿಸಿ, ಮೂತಿ ತಾಗುವ ಮೊದಲೇ ಎಂಜಿನ್ ಆಫ್. ಬಲ ಪೂರ್ತಿ ಹೋಗುವವರೆಗೆ ಹಿಡಿದರೆ ಮೂತಿ ತಾನಾಗಿ ಧೊಪ್ಪೆಂದು ಬೀಳುತ್ತದೆ. ಒಂದು ಮೇನ್ ಗೇರ್ ಇಲ್ಲದಿದ್ದರೆ: ನೆಲ ತಾಗಿದ ಕೂಡಲೇ ಎಂಜಿನ್ ಆಫ್, ಆ ಬದಿಯ ರೆಕ್ಕೆಯನ್ನು ಆದಷ್ಟು ಹೊತ್ತು ಎತ್ತಿ ಹಿಡಿಯಿರಿ. ಬೀಳುವ ಬದಿಗೆ ವಿಮಾನ ಎಳೆಯುತ್ತದೆ. ಅದಕ್ಕೇ ಬೋಯಿಂಗ್ ತರಬೇತಿಯಲ್ಲಿ ಸರಿ ಇರುವ ಗೇರಿನ ಬದಿಯ ಅಂಚಿಗೆ ಇಳಿಸಲು ಹೇಳುತ್ತಾರೆ, ಎಳೆತಕ್ಕೆ ರನ್‌ವೇಯ ಅಗಲ ಸಿಗುತ್ತದೆ. ಎರಡೂ ಮೇನ್ ಗೇರ್ ಇಲ್ಲದಿದ್ದರೆ: ಫ್ಲೇರಿನಲ್ಲಿ (ಇಳಿಯುವ ಕೊನೆಗೆ ಮೂತಿ ಎತ್ತುವಾಗ), ತಾಗುವ ಮೊದಲೇ ಆಫ್. ಎಂಜಿನ್ ಆರಿದ ಮೇಲೂ ಸುಮಾರು 30 ಸೆಕೆಂಡ್ ಹೈಡ್ರಾಲಿಕ್ ಒತ್ತಡ ಕಂಟ್ರೋಲ್‌ಗಳಿಗೆ ಸಿಗುತ್ತದೆ, ಅಷ್ಟರಲ್ಲಿ ಕೆಲಸ ಮುಗಿಯಬೇಕು. ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ರಿವರ್ಸರ್ ಬಳಸುವುದಿಲ್ಲ.

ಎಂಜಿನ್ ನೆಲಕ್ಕೆ ಉಜ್ಜಿದ ಮೇಲೆ ಮತ್ತೆ ಏರುವ ಮಾತಿಲ್ಲ. 2020ರ ಮೇ 22ರಂದು ಕರಾಚಿಯಲ್ಲಿ ಪಿಐಎ 8303ರ ಚಕ್ರಗಳು ಮಡಚಿಕೊಂಡೇ ಇದ್ದವು, ಎರಡೂ ಎಂಜಿನ್ ರನ್‌ವೇಗೆ ಉಜ್ಜಿದವು. ಅಲ್ಲೇ ನಿಲ್ಲಿಸದೆ ಗೋ-ಅರೌಂಡ್ ಮಾಡಿದರು. ಉಜ್ಜಿದ ಎಂಜಿನ್‌ಗಳು ಆಕಾಶದಲ್ಲಿ ಕೈಕೊಟ್ಟು ವಿಮಾನ ಮನೆಗಳ ಮೇಲೆ ಬಿತ್ತು. 99 ಮಂದಿಯಲ್ಲಿ ಇಬ್ಬರು ಉಳಿದರು. ಅದು ಗೇರ್ ಕೆಟ್ಟ ಘಟನೆಯಲ್ಲ, ಆದರೆ ಗೇರ್ ಕೆಟ್ಟವರಿಗೂ ಪಾಠ ಅದೇ.

ಚೆನ್ನಾಗಿ ಮಾಡಿದರೆ ಹೇಗಿರುತ್ತದೆ ಎಂಬುದಕ್ಕೆ 2005ರ ಸೆಪ್ಟೆಂಬರ್ 21ರ ಜೆಟ್‌ಬ್ಲೂ 292 ನೋಡಿ. ಎ320ರ ಮೂತಿಯ ಚಕ್ರಗಳು 90 ಡಿಗ್ರಿ ಅಡ್ಡ ತಿರುಗಿದ್ದವು. ಸುಮಾರು ಮೂರು ಗಂಟೆ ಇಂಧನ ಸುಟ್ಟು, ಲಾಸ್ ಏಂಜಲೀಸ್‌ನ ಉದ್ದದ ರನ್‌ವೇ ಆರಿಸಿಕೊಂಡು, ಮೂತಿ ಎತ್ತಿ ಹಿಡಿದು ಇಳಿಸಿದರು. ಟಯರ್ ಸಿಡಿದು, ರಿಮ್ ಸವೆದು, ಬೆಂಕಿ ಕಾರುತ್ತಾ ವಿಮಾನ ನಡುಗೆರೆ ಬಿಡದೆ ನಿಂತಿತು. 146 ಮಂದಿಯಲ್ಲಿ ಒಬ್ಬರಿಗೂ ಗಾಯವಿಲ್ಲ. ಅವರಲ್ಲಿ ಎಷ್ಟೋ ಜನ ಸೀಟಿನ ಹಿಂದಿನ ಟಿವಿಯಲ್ಲಿ ತಮ್ಮದೇ ವಿಮಾನದ ನೇರ ಪ್ರಸಾರ ನೋಡುತ್ತಿದ್ದರು.

ಹಂತ 8: ನಿಂತ ಮೇಲೆ

ಎಂಜಿನ್ ಮತ್ತು ಎಪಿಯುವಿನ (ಬಾಲದಲ್ಲಿರುವ ಪುಟ್ಟ ಸಹಾಯಕ ಎಂಜಿನ್ನಿನ) ಫೈರ್ ಬಟನ್‌ಗಳನ್ನೆಲ್ಲ ಒತ್ತಿ. ಮೇನ್ ಗೇರ್ ಇಲ್ಲದೆ ಇಳಿದಿದ್ದರೆ, ಬೆಂಕಿ ಅಥವಾ ಹೊಗೆ ಇದ್ದರೆ ಕೂಡಲೇ ಸ್ಲೈಡ್‌ಗಳಿಂದ ಇಳಿಸಿ. ಮೂರೂ ಚಕ್ರದ ಮೇಲೆ ನಿಂತು ಬೆಂಕಿ ಇಲ್ಲವೆಂದು ಅಗ್ನಿಶಾಮಕ ದಳ ಹೇಳಿದರೆ ಅವಸರ ಬೇಡ, ಏಣಿ ತರಿಸಿ. ಸ್ಲೈಡಿನಲ್ಲಿ ಜಾರಿ ಕೈಕಾಲು ಮುರಿದುಕೊಳ್ಳುವವರು ಕಡಿಮೆಯಿಲ್ಲ. ಗ್ರಾವಿಟಿಯಲ್ಲಿ ಇಳಿಸಿದ ಗೇರಿಗೆ ಲಾಕ್ ಪಿನ್ ಹಾಕುವವರೆಗೆ ಯಾರನ್ನೂ ಕೆಳಗೆ ಬಿಡಬೇಡಿ, ತೆರೆದು ನೇತಾಡುವ ಬಾಗಿಲು ಒತ್ತಡ ಬಂದೊಡನೆ ಮುಚ್ಚಿಕೊಳ್ಳುತ್ತದೆ, ನಡುವೆ ನಿಂತವರನ್ನು ನೋಡುವುದಿಲ್ಲ.

ಕಾಕ್‌ಪಿಟ್ ಬಿಡುವ ಮೊದಲು ಒಂದು ಕೆಲಸ ಉಳಿಯುತ್ತದೆ. ಹೆಚ್ಚಿನ ವಿಮಾನಗಳ ಕಾಕ್‌ಪಿಟ್ ವಾಯ್ಸ್ ರೆಕಾರ್ಡರ್ ಕೊನೆಯ 2 ಗಂಟೆಯನ್ನಷ್ಟೇ ಇಟ್ಟುಕೊಂಡು ಹಳೆಯದರ ಮೇಲೆ ಬರೆಯುತ್ತಾ ಹೋಗುತ್ತದೆ. ಇಂಧನ ಸುಡುತ್ತಾ ಸುತ್ತಿದ ವಿಮಾನದಲ್ಲಿ ಮೊದಲ ಕೆಂಪು ದೀಪ ಹೊತ್ತಿದಾಗಿನ ಮಾತು ಆಗಲೇ ಅಂಚಿಗೆ ಬಂದಿರುತ್ತದೆ. ಎಂಜಿನಿಯರ್‌ಗಳು ಬಂದು ಗ್ರೌಂಡ್ ಪವರ್ ಸಿಕ್ಕಿಸುವುದಕ್ಕೆ ಮೊದಲು ಅದರ ಬ್ರೇಕರ್ ಎಳೆದು, ವಿಮಾನದ ದೋಷ ದಾಖಲಿಸುವ ಟೆಕ್ ಲಾಗ್‌ನಲ್ಲಿ ಬರೆದುಬಿಡಿ.